ನಿಂತಂತೆ ಕಾಣುವ ಕೈ

ಟಕಟಕಟಕ ಅನ್ನುವ ಈ ಸದ್ದು ಬೆಳಗಿನಿಂದ ಕಿವಿಯಲ್ಲೇ ಮನೆ ಮಾಡಿಕೊಂಡಿದೆ, ಹಲಗೆಯ ಕೆಳಗೆ ಆಟಿಕೆಯಿಂದ ಬಿಚ್ಚಿ ತೆಗೆದ ಪುಟ್ಟ ಮೋಟರು, ಮೋಟರು ತಿರುಗಿದಂತೆ ಹಲಗೆ ನಡುಗುತ್ತದೆ, ಹಲಗೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಎರಡು ಫೋನುಗಳೂ ನಡುಗುತ್ತವೆ, ಒಂದೇ ಹಲಗೆ, ಒಂದೇ ನಡುಕ, ಆದರೆ ಅವಳೆದುರಿನ ಪರದೆಯಲ್ಲಿ ಎರಡು ಗೆರೆಗಳು ಎರಡು ಥರ — ಮೇಲಿನದು ಗರಗಸದ ಹಲ್ಲಿನ ಹಾಗೆ ಏರಿ ಇಳಿದು ಏರುತ್ತಿದೆ, ಕೆಳಗಿನದು ಇಸ್ತ್ರಿ ಮಾಡಿಟ್ಟ ಬಟ್ಟೆಯಂತೆ ನುಣ್ಣಗೆ ಮಲಗಿಬಿಟ್ಟಿದೆ, ಈಗತಾನೇ ಕುಣಿಯುತ್ತಿತ್ತಲ್ಲ ಇದು, ಮೋಟರಿನ ವೇಗ ಒಂಚೂರು ತಗ್ಗಿಸಿದ್ದಷ್ಟೇ, ರಬ್ಬರ್ ಬ್ಯಾಂಡು ಸಡಿಲವಾಗಿರಬೇಕು ಅಂತ ಅವಳು ಕೆಳಗಿನ ಗೆರೆಯ ಫೋನಿನ ಮೇಲೆ ಬೆರಳಿಡುತ್ತಾಳೆ, ಇಲ್ಲ, ಬಿಗಿಯಾಗಿಯೇ ಇದೆ, ಬೆರಳಿನಿಂದ ಮೊಣಕೈಯವರೆಗೆ ಜುಮ್ಮೆನ್ನುತ್ತದೆ, ಫೋನು ನಡುಗುತ್ತಲೇ ಇದೆ, ಪರದೆ ಮಾತ್ರ ಇಲ್ಲ ಇಲ್ಲ ಅನ್ನುತ್ತಿದೆ. ಈ ಜುಮ್ಮು ಅವಳಿಗೆ ಗೊತ್ತು. ನರದ ಡಾಕ್ಟರ ಆಸ್ಪತ್ರೆಯ ಬೆಂಚಿನ ಮೇಲೆ ಅಣ್ಣನ ಬಲಗೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದು ಕೂತಾಗ ಹೀಗೇ ಮೊಣಕೈವರೆಗೆ ಬಂದಿತ್ತು, ಹಿಡಿದರೆ ನಿಲ್ಲುತ್ತೆ ಅಂದುಕೊಂಡಿದ್ದೆಯಾ ಪುಟ್ಟಿ, ಅಂದಿದ್ದ ಅಣ್ಣ, ನಕ್ಕಿದ್ದ, ಅವಳು ಬಿಟ್ಟಿರಲಿಲ್ಲ.

ಪಕ್ಕದ ಮೇಜಿನಿಂದ ಗುಬ್ಬಿ ಕತ್ತು ಚಾಚುತ್ತಾನೆ, ಸಣಕಲು ಮೈ, ಪಟಪಟ ಮಾತು, ಅದಕ್ಕೇ ಗುಬ್ಬಿ, ಮೇಲಿನ ಗೆರೆಯ ಫೋನಿನ ಕೆಲಸ ಅವನದು, ಕೆಳಗಿನದು ಇವಳದು, ಎರಡು ಕಂಪನಿಯ ಎರಡು ಬಗೆಯ ಫೋನು, ಎರಡರಲ್ಲೂ ಕೈನಡುಕ ಅಳೆಯುವ ಒಂದೇ ಆಪ್ ಒಂದೇ ಲೆಕ್ಕ ತೋರಿಸುವಂತೆ ಮಾಡುವುದು ಇವರಿಬ್ಬರ ಪಾಲಿಗೆ ಬಂದ ಕರ್ಮ. ನಿಮ್ಮ ಯಜಮಾನರು ನಿದ್ದೆಗೆ ಜಾರಿದ್ರಾ, ಅನ್ನುತ್ತಾನೆ ಗುಬ್ಬಿ ಅವಳ ಫೋನಿನ ಕಡೆ ನೋಡಿ. ಅವಳು ನಗುವುದಿಲ್ಲ. ಶುರುವಿನಲ್ಲಿ ಎಷ್ಟು ನಗುತ್ತಿದ್ದರು, ಎರಡು ಫೋನನ್ನೂ ಮೇಜಿನ ಮೇಲೆ ಸುಮ್ಮನೆ ಮಲಗಿಸಿದರೆ ಭೂಮಿ ಎಳೆಯುವ ಸೆಳೆತಕ್ಕೆ ಒಂದು ಮೈನಸ್ ಒಂದು ಅನ್ನುತ್ತಿತ್ತು, ಇನ್ನೊಂದು ಪ್ಲಸ್ ಒಂಬತ್ತು ಚಿಲ್ಲರೆ, ಒಬ್ಬ ಕಿಲೋದಲ್ಲಿ ತೂಗ್ತಾನೆ ಇನ್ನೊಬ್ಬ ಸೇರಿನಲ್ಲಿ, ಅದೂ ತಕ್ಕಡಿ ತಲೆಕೆಳಗು ಹಿಡ್ಕೊಂಡು, ಅಂದಿದ್ದ ಗುಬ್ಬಿ, ಅದನ್ನು ಸರಿಮಾಡಿದ್ದಾಯಿತು, ಫೋನನ್ನು ಅಡ್ಡ ತಿರುಗಿಸಿದರೆ ಎಡ ಬಲ ಅದಲು ಬದಲಾಗುತ್ತಿತ್ತು, ಅದನ್ನೂ ಸರಿಮಾಡಿದ್ದಾಯಿತು, ಇನ್ನು ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಮಾತಾಡುತ್ತವೆ ಅಂತ ಇಬ್ಬರೂ ಚಹಾ ಕುಡಿದು ಬಂದಿದ್ದರು. ಈಗ ಇದು.

ಅವಳು ಫೋನಿನಿಂದ ಬರುತ್ತಿರುವ ಅಂಕಿಗಳನ್ನು ಬಿಡಿಬಿಡಿಯಾಗಿ ತೆರೆದು ನೋಡುತ್ತಾಳೆ, ಎಣಿಸುತ್ತಾಳೆ, ಮತ್ತೆ ಎಣಿಸುತ್ತಾಳೆ. ಸೆಕೆಂಡಿಗೆ ಐವತ್ತು ಸಲ ನೋಡಿ ಹೇಳು ಅಂತ ಫೋನಿಗೆ ಹೇಳಿದ್ದಾಳೆ, ಅದು ಐದು ಸಲ ನೋಡಿ ಕೈತೊಳೆದುಕೊಂಡಿದೆ, ಕೊಡಲ್ಲ ಅನ್ನಲಿಲ್ಲ, ತಪ್ಪಾಗಿದೆ ಅನ್ನಲಿಲ್ಲ, ಪಾಪದ ಹುಡುಗಿ ಕೇಳ್ತಾ ಇದಾಳೆ ಅಂತ ಐದನ್ನು ಐವತ್ತರ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದೆ, ವೇಗ ತಗ್ಗಿಸಿದ ಮೇಲೆ ಹಲಗೆ ನಡುಗುತ್ತಿರುವುದೂ ಸೆಕೆಂಡಿಗೆ ಐದು ಸಲ, ಐದು ಸಲ ನಡುಗುವುದನ್ನು ಐದೇ ಸಲ ಕಣ್ಣು ಬಿಟ್ಟು ನೋಡಿದರೆ ಪ್ರತಿ ಸಲವೂ ಅದು ಅದೇ ಜಾಗದಲ್ಲಿ ಸಿಗುತ್ತದೆ, ನಡುವೆ ಅದು ಎಲ್ಲಿಗೆ ಹೋಗಿ ಬಂತು ಅನ್ನುವುದು ನೋಡುವವರಿಗೆ ಕಾಣುವುದೇ ಇಲ್ಲ, ತಿರುಗುವ ಚಕ್ರ ಒಮ್ಮೊಮ್ಮೆ ನಿಂತಂತೆ ಕಾಣುವುದಿಲ್ಲವೇ ಹಾಗೆ, ಆದರೆ ಯಾಕೆ ಐದೇ ಸಲ, ನಿನ್ನೆ ಐವತ್ತು ಬರುತ್ತಿತ್ತಲ್ಲ — ಫೋನಿನ ಪರದೆಯ ಮೂಲೆಯಲ್ಲಿ ಪುಟ್ಟ ಎಲೆಯ ಗುರುತು, ಹಸಿರು ಎಲೆ, ಚಾರ್ಜು ತಳ ಮುಟ್ಟಿದೆ, ಅದಕ್ಕೇ ಫೋನು ತಾನಾಗಿಯೇ ಬ್ಯಾಟರಿ ಉಳಿಸಲು ಹೊರಟಿದೆ. ಅವಳು ಎಲೆಯನ್ನು ಒತ್ತಿ ಆರಿಸುತ್ತಾಳೆ, ಮಲಗಿದ್ದ ಗೆರೆ ದಡಕ್ಕನೆದ್ದು ಗರಗಸವಾಗುತ್ತದೆ. ಮತ್ತೆ ಒತ್ತುತ್ತಾಳೆ, ಮಲಗುತ್ತದೆ. ಒತ್ತುತ್ತಾಳೆ, ಏಳುತ್ತದೆ. ಸಿಕ್ಕಿತಲ್ಲ ಕಳ್ಳ, ಅನ್ನುತ್ತಾನೆ ಗುಬ್ಬಿ, ಭುಜ ತಟ್ಟುತ್ತಾನೆ, ಅವಳ ಕಿವಿಗೆ ಅದು ಬೀಳುವುದಿಲ್ಲ, ಯಾಕೆಂದರೆ ಕಿವಿಯಲ್ಲಿ ಈಗ ಅತ್ತಿಗೆಯ ದನಿ, ಹೋದ ಭಾನುವಾರದ್ದು, ಹೊಸ ಫೋನು ಚಾರ್ಜೇ ನಿಲ್ತಿರಲಿಲ್ಲ ಕಣೇ, ನಾನೇ ಆ ಎಲೆ ಗುರುತು ಒತ್ತಿ ಇಟ್ಟಿದೀನಿ, ಈಗ ಎರಡು ದಿನ ಬರುತ್ತೆ, ನಿಮ್ಮಣ್ಣಂಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು.

ಅಣ್ಣನ ಫೋನು. ಅಣ್ಣನ ಕೈ ನಡುಗುವುದೂ ಸೆಕೆಂಡಿಗೆ ಐದು ಸಲವೇ, ಡಾಕ್ಟರು ಅಂದಿದ್ದರು. ಹಳೆಯ ಫೋನು ಗಡ್ಡದ ನೊರೆ ಕಲಸುವ ನೀರಿನ ಮಗ್ಗಿಗೆ ಬಿದ್ದು ಹೋಗಿತ್ತು, ಕೈಜಾರಿ ಅಂದಿದ್ದ, ಕೈಜಾರಿ ಅಲ್ಲ ಅಂತ ಮೂವರಿಗೂ ಗೊತ್ತಿತ್ತು, ಹೊಸದನ್ನು ತಂದುಕೊಟ್ಟವಳು ಇವಳೇ, ಈ ಹಲಗೆಯ ಮೇಲೆ ಮಲಗಿದೆಯಲ್ಲ ಇದೇ ಬಗೆಯದು, ಆಪನ್ನೂ ಇವಳೇ ಹಾಕಿಕೊಟ್ಟಿದ್ದಳು, ದಿನಾ ಬೆಳಿಗ್ಗೆ ಕೈ ಮುಂದೆ ಚಾಚಿ ಅಂಗೈ ಮೇಲೆ ಫೋನಿಟ್ಟು ನಿಂತರೆ ಸಾಕು, ನಡುಕ ಎಷ್ಟು ಅಂತ ಒಂದು ನಂಬರು ಬರುತ್ತದೆ, ನಂಬರು ಡಾಕ್ಟರಿಗೂ ಹೋಗುತ್ತದೆ ಇವಳಿಗೂ ಬರುತ್ತದೆ, ಹಳೆ ಫೋನಿನಲ್ಲಿ ಅರವತ್ತರ ಮೇಲೆಯೇ ಓಡಾಡುತ್ತಿತ್ತು, ಹೊಸ ಫೋನಿನಲ್ಲಿ ಒಂದು ವಾರಕ್ಕೆ ಇಪ್ಪತ್ತು. ಅತ್ತಿಗೆ ಫೋನು ಮಾಡಿ ಮಾತಾಡಲಾರದೆ ಅತ್ತಿದ್ದಳು, ಡಾಕ್ಟರು ಹೊಸ ಮಾತ್ರೆ ಹಿಡಿದಿದೆ ಇದನ್ನೇ ಮುಂದುವರಿಸಿ ಅಂದಿದ್ದರು, ಅಣ್ಣ ದಿನಾ ಬೆಳಿಗ್ಗೆ ನಂಬರು ಬಂದೊಡನೆ ಅದರ ಚಿತ್ರ ತೆಗೆದು ತಂಗಿಗೆ ಕಳಿಸುತ್ತಿದ್ದ, ಇಪ್ಪತ್ತು, ಹತ್ತೊಂಬತ್ತು, ಶಾಲೆಯ ಮಗು ಅಂಕಪಟ್ಟಿ ತೋರಿಸಿದ ಹಾಗೆ, ಇವಳು ಪ್ರತಿ ಸಲವೂ ಭೇಷ್ ಅಂತ ಬರೆಯುತ್ತಿದ್ದಳು. ಭಾನುವಾರ ಊಟಕ್ಕೆ ಕೂತಾಗ ಅಣ್ಣನ ಲೋಟದ ನೀರು ತುಳುಕಿ ಮೇಜಿನ ಮೇಲೆ ಚೆಲ್ಲಿತ್ತು, ಅವಳು ನೋಡಿದ್ದಳು, ನೋಡಿ ಬೇರೆ ಕಡೆ ತಿರುಗಿದ್ದಳು, ಅಭ್ಯಾಸಬಲ ಇರಬೇಕು, ಕೈಗಿನ್ನೂ ವಾಸಿಯಾದದ್ದು ತಿಳಿದಿಲ್ಲ ಇರಬೇಕು — ಏನೇನು ಸುಳ್ಳು ಹೇಳಿಕೊಂಡಳು ತನಗೆ ತಾನೇ, ನಂಬರಿನ ಮುಂದೆ ಕಣ್ಣೆಷ್ಟರದು.

ಮತ್ತೆ ಇವತ್ತು. ಇವತ್ತು ಬೆಳಿಗ್ಗೆ ಅತ್ತಿಗೆ ಕಳಿಸಿದ ಮೆಸೇಜು, ಮಧ್ಯಾಹ್ನ ಊಟ ಮುಗಿಸಿ ನಿಮ್ಮಣ್ಣ ಕತ್ತಿ ಹಿಡೀತಾರಂತೆ, ಕೀಲಿ ಮಾಡೋರು ಕಾಯ್ತಾ ಇದಾರೆ. ಇವಳು ಬಸ್ಸಿನಲ್ಲಿ ನಿಂತೇ ಓದಿ, ಒಬ್ಬಳೇ ನಕ್ಕು, ಕೆಂಪು ಹೃದಯವೊಂದನ್ನು ಕಳಿಸಿ, ಫೋನನ್ನು ಚೀಲಕ್ಕೆ ಹಾಕಿಕೊಂಡಿದ್ದಳು.

ಕತ್ತಿ ಅಂದರೆ ಕ್ಷೌರದ ಕತ್ತಿ, ಕಪ್ಪು ಹಿಡಿಯದು, ಮಡಿಸಿದರೆ ಅಂಗೈಯಲ್ಲಿ ಅಡಗುವಂಥದ್ದು. ಅಣ್ಣನ ಅಂಗಡಿಯಲ್ಲಿ ಎರಡೇ ಕುರ್ಚಿ, ಕನ್ನಡಿಯ ಹತ್ತಿರದ್ದು ಅಣ್ಣನದು, ಬಾಗಿಲ ಹತ್ತಿರದ್ದು ಪಾಲುದಾರನದು, ಇವಳು ಚಿಕ್ಕವಳಿದ್ದಾಗ ಅಣ್ಣನ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆಯಿಟ್ಟು ಅದರ ಮೇಲೆ ಕೂರಿಸುತ್ತಿದ್ದ, ಕಿವಿಯ ಹಿಂದೆ ತಣ್ಣಗಿನ ಉಕ್ಕು ಮುಟ್ಟಿದರೆ ಕಚಗುಳಿ, ಅಲ್ಲಾಡಬೇಡ ಪುಟ್ಟಿ, ಅನ್ನುತ್ತಿದ್ದ, ನೀನು ಅಲ್ಲಾಡದಿದ್ರೆ ಸಾಕು ನಾನು ಅಲ್ಲಾಡಲ್ಲ. ಅಲ್ಲಾಡುತ್ತಿರಲಿಲ್ಲ ಆ ಕೈ. ಬಸ್ಸು ಹೋದರೆ ಅಂಗಡಿಯ ಗಾಜು ಅದುರುತ್ತಿತ್ತು, ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು, ಕೈ ಅಲ್ಲಾಡುತ್ತಿರಲಿಲ್ಲ, ಮಲಗಿದ ಮಗುವಿನ ಗಲ್ಲ ಮುಟ್ಟಿದಂತೆ ಕತ್ತಿ ಇಳಿಸುತ್ತಾನಪ್ಪ ಇವನು, ಅನ್ನುತ್ತಿದ್ದರು ಪಕ್ಕದ ಅಂಗಡಿಯ ಕೀಲಿ ಮಾಡುವವರು, ಮೀಸೆ ಮೂಡಿದಾಗಿನಿಂದ ಅಣ್ಣನ ಕೈಯಲ್ಲೇ ಗಡ್ಡ ತೆಗೆಸಿಕೊಂಡವರು. ಮೊದಲು ಕಿರುಬೆರಳು ನಡುಗಿತು, ಆಮೇಲೆ ಮಣಿಕಟ್ಟು, ಒಂದು ದಿನ ಅಣ್ಣ ಯಾರಿಗೂ ಹೇಳದೆ ಕತ್ತಿಯನ್ನು ಒರೆಸಿ ಮಡಿಸಿ ಡ್ರಾಯರಿನೊಳಗೆ ಇಟ್ಟ, ಗಡ್ಡಕ್ಕೆ ಬಂದವರನ್ನೆಲ್ಲ ಬಾಗಿಲ ಹತ್ತಿರದ ಕುರ್ಚಿಗೆ ಕಳಿಸಿದ, ತಾನು ಮಿಷನ್ನು ಹಿಡಿದು ಬರೀ ಕೂದಲು ಕತ್ತರಿಸಿದ. ಕೀಲಿ ಮಾಡುವವರು ಮಾತ್ರ ಆ ಕುರ್ಚಿಗೆ ಹೋಗಲಿಲ್ಲ, ಕಾಯ್ತೀನಿ ಬಿಡು, ಅಂದರು, ಕಾದರು, ಗಡ್ಡ ಎದೆಯವರೆಗೆ ಬಂತು, ಸನ್ಯಾಸಿಯ ಹತ್ರ ಕೀಲಿ ಮಾಡಿಸೋಕೆ ಜನ ಹೆದರ್ತಾರೆ ಮಾರಾಯ ಬೇಗ ವಾಸಿ ಮಾಡ್ಕೋ, ಅಂತ ಅಣ್ಣನನ್ನು ನಗಿಸುತ್ತಿದ್ದರು. ಆ ಗಡ್ಡ ಇವತ್ತು ಬೀಳಲಿದೆ, ಬಿಸಿ ನೀರು, ಬ್ರಷ್ಷು, ನೊರೆ, ಕತ್ತು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿಕೊಂಡಿರುತ್ತಾರೆ, ಬಿಳಿ ನೊರೆ, ಅದರೊಳಗಿನಿಂದ ಒಂದು ಕೆಂಪು ಚುಕ್ಕೆ — ಇಲ್ಲ, ಇನ್ನೂ ಸಮಯವಿದೆ, ಊಟ ಮುಗಿದಿರಲಾರದು.

ಮೇಷ್ಟ್ರು ಬರುತ್ತಾರೆ, ಮೇಷ್ಟ್ರು ಅಂದರೆ ಈ ತಂಡದ ಮೇಲಿನವರು, ಪಾಠ ಹೇಳುವ ದನಿಗೆ ಬಿದ್ದ ಹೆಸರು, ನಾಳೆ ದೊಡ್ಡ ಆಸ್ಪತ್ರೆಯವರು ಆಪ್ ನೋಡಲು ಬರುತ್ತಾರೆ ಅನ್ನುವುದೊಂದೇ ಈ ವಾರ ಅವರ ಮಾತು, ಗುಬ್ಬಿ ಎಲೆಯ ಕಥೆಯನ್ನು ಉತ್ಸಾಹದಿಂದ ಹೇಳುತ್ತಾನೆ, ಮೇಷ್ಟ್ರು ಎರಡು ಗೆರೆಗಳನ್ನು ನೋಡಿ ಗಲ್ಲ ಉಜ್ಜಿಕೊಳ್ಳುತ್ತಾರೆ, ಗಲ್ಲದ ಮೇಲೆ ಬೆಳಗಿನ ನುಣುಪು, ಅವಳು ಆ ಗಲ್ಲವನ್ನೇ ನೋಡುತ್ತಾಳೆ. ನೋಡಮ್ಮ, ಅನ್ನುತ್ತಾರೆ, ಇದು ಇಪ್ಪತ್ತು ಹೇಳುತ್ತೆ ಅದು ಅರವತ್ತು ಹೇಳುತ್ತೆ, ಮೂರರಿಂದ ಗುಣಿಸಿಬಿಡು, ಮುಗೀತು. ಸರ್, ಗುಣಿಸೋಕೆ ಬರಲ್ಲ, ಇದು ನೋಡೇ ಇಲ್ಲ, ನೋಡದೇ ಇದ್ದಿದ್ದನ್ನ ಎಷ್ಟರಿಂದ ಗುಣಿಸಿದ್ರೂ — ಯಾವುದು ಸರಿ ಅಂತ ನಾನು ಕೇಳ್ಲಿಲ್ಲಮ್ಮ, ಎರಡೂ ಒಂದೇ ತೋರಿಸ್ಬೇಕು ಅಂದೆ. ಸರ್, ಜನ ಈಗಾಗಲೇ ಇದನ್ನ ನಂಬ್ಕೊಂಡು ಮಾತ್ರೆ ತಗೊಳ್ತಿದಾರೆ, ಎಲೆ ಇದ್ದಾಗ ನಂಬರೇ ತೋರಿಸಬಾರದು, ಇವತ್ತೇ ಸರಿಮಾಡಿ ಕಳಿಸ್ತೀನಿ. ಮೇಷ್ಟ್ರು ಒಳ್ಳೆಯವರೇ, ದನಿ ತಗ್ಗಿಸುತ್ತಾರೆ, ಕಳಿಸು, ಯಾರು ಬೇಡ ಅಂದ್ರು, ಆದ್ರೆ ನೀನು ಕಳಿಸಿದ ಕೂಡ್ಲೇ ಜನರ ಫೋನಿಗೆ ಹೋಗುತ್ತಾ, ಆಪ್ ಸ್ಟೋರಿನವರು ನೋಡ್ಬೇಕು, ಒಪ್ಪಬೇಕು, ಅವರವರು ಅಪ್‌ಡೇಟ್ ಮಾಡ್ಕೋಬೇಕು, ವಾರ ಹಿಡಿಯುತ್ತೆ, ನಾಳೆದು ಮುಗೀಲಿ, ಶಾಂತವಾಗಿ ಮಾಡೋಣ. ಶಾಂತವಾಗಿ. ನಾಳೆಯ ಫೋನುಗಳಿಗೆ ಚಾರ್ಜು ತುಂಬಿಸಿಡಿ ಎರಡೂ ಒಂದೇ ತೋರಿಸ್ತವೆ, ಅಂತ ಗುಬ್ಬಿಗೆ ಹೇಳಿ ಹೋಗುತ್ತಾರೆ. ಅವಳ ಬೆರಳುಗಳು ಕೀಬೋರ್ಡಿನ ಮೇಲೆಯೇ ಇವೆ, ಬರೆಯುವುದು ನಾಲ್ಕೇ ಸಾಲು, ಬರೆಯಲೂ ಬಹುದು, ಆದರೆ ಆ ನಾಲ್ಕು ಸಾಲು ಮುಂದಿನ ವಾರ ಅಣ್ಣನ ಫೋನು ತಲುಪುವ ಹೊತ್ತಿಗೆ, ಬಿಳಿ ನೊರೆ, ಕೆಂಪು ಚುಕ್ಕೆ, ಎದ್ದಳು, ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು, ಎಲ್ಲಿಗೆ, ಅಂದ ಗುಬ್ಬಿ, ಫೋನ್ ಮಾಡ್ಬೇಕು ಅಂದಳು.

ಮೆಟ್ಟಿಲ ತಿರುವಿನಲ್ಲಿ ಮೊದಲೇ ಯಾರೋ ನಿಂತು ಫೋನಿನಲ್ಲಿ ಜಗಳವಾಡುತ್ತಿದ್ದಾರೆ, ಅವಳು ಒಂದು ಮಹಡಿ ಇಳಿದಳು, ಬಕೆಟ್ಟುಗಳಿಟ್ಟ ಮೂಲೆ, ಫಿನಾಯಿಲ್ ವಾಸನೆ, ಗೋಡೆಗೆ ಹಣೆ ತಾಗಿಸಿ ನಿಂತಳು, ರಿಂಗಾಗುತ್ತಿದೆ, ಹೇಗೆ ಹೇಳುವುದು, ಅಣ್ಣ ನಿನಗೆ ವಾಸಿಯಾಗಿಲ್ಲ ಅನ್ನುವುದೇ, ಅಣ್ಣ ಫೋನಿನ ತಪ್ಪು ಅನ್ನುವುದೇ, ಎರಡೂ ಒಂದೇ ಅಲ್ಲವೇ, ಎರಡರಲ್ಲಿ ಯಾವುದನ್ನು ಮೊದಲು ಹೇಳಿದರೆ ಕಡಿಮೆ ನೋಯುತ್ತದೆ, ರಿಂಗಾಗುತ್ತಿದೆ, ಅಣ್ಣನ ಫೋನು ಎತ್ತಿದವಳು ಅತ್ತಿಗೆ. ಸರಿಯಾದ ಹೊತ್ತಿಗೆ ಮಾಡ್ದೆ ನೋಡು, ಅನ್ನುತ್ತಾಳೆ ಪಿಸುದನಿಯಲ್ಲಿ, ದನಿಯ ತುಂಬ ನಗು, ಶುರು ಮಾಡಿದಾರೆ, ಉದ್ದ ಗಡ್ಡ ಎಲ್ಲ ಕತ್ತರಿಯಲ್ಲಿ ಇಳಿಸಿದ್ದಾಯ್ತು, ಕೆನ್ನೆ ಎರಡೂ ಆಯ್ತು, ಅಂಗಡಿ ತುಂಬ ಜನ ಕಣೇ, ಎಲ್ಲ ನೋಡೋಕೆ ಬಂದಿದಾರೆ. ಅತ್ತಿಗೆ, ಅನ್ನುತ್ತಾಳೆ ಇವಳು, ಕತ್ತಿ ಕೆಳಗಿಡೋಕೆ ಹೇಳಿ. ಏನು, ಸದ್ದಲ್ಲಿ ಕೇಳಿಸ್ತಿಲ್ಲ. ಆ ನಂಬರು ಸುಳ್ಳು ಅತ್ತಿಗೆ, ಎಲೆ ಗುರುತು ಇದೆಯಲ್ಲ ಅದರಿಂದ, ಕೈ ಹಾಗೇ ಇದೆ, ಏನೂ ಕಮ್ಮಿ ಆಗಿಲ್ಲ. ಆ ಕಡೆ ಯಾರದೋ ಕೆಮ್ಮು, ಸೀಸೆಗಳ ಕಿಣಿಕಿಣಿ, ಬಸ್ಸು ಹೋಗಿರಬೇಕು. ನಾನು ಹೇಳಲಾರೆ, ಅನ್ನುತ್ತಾಳೆ ಅತ್ತಿಗೆ ಕೊನೆಗೆ, ಆ ಮುಖ ನೋಡ್ಕೊಂಡು ನಾನು ಹೇಳಲಾರೆ ಕಣೇ, ನೀನೇ ಹೇಳು, ಮತ್ತು ಫೋನು ಎಲ್ಲಿಯೋ ಇಟ್ಟ ಸದ್ದು, ಕನ್ನಡಿಯ ಮುಂದಿನ ಕಲ್ಲಿನ ಮೇಲೆ, ಅಂಗಡಿಯೆಲ್ಲ ಒಮ್ಮೆಗೇ ದೊಡ್ಡದಾಗಿ ಕೇಳಿಸುತ್ತದೆ, ಸ್ಪೀಕರು.

ಪುಟ್ಟಿ, ಅನ್ನುತ್ತಾನೆ ಅಣ್ಣ. ಎಷ್ಟು ದಿನವಾಯಿತು ಈ ದನಿ ಕೇಳಿ, ಹಳೆಯ ದನಿ, ಕುರ್ಚಿಯ ಹಿಂದೆ ನಿಂತಾಗ ಬರುತ್ತಿದ್ದದ್ದು. ಹೇಳು ಪುಟ್ಟಿ, ಕೈಯಲ್ಲಿ ಕೆಲಸ ಇದೆ ನಂದು, ಅನ್ನುತ್ತಾನೆ, ಸುತ್ತಲಿನವರು ನಗುತ್ತಾರೆ. ಕೀಲಿ ಮಾಡುವವರ ದನಿ, ತುಟಿ ಅಲ್ಲಾಡಿಸದೆ ಆಡಿದ ಮಾತು, ನಿಮ್ಮಣ್ಣ ಕತ್ತಿಗೆ ಸಾಣೆ ಹಿಡಿಯೋದು ಮರೆತಿಲ್ಲಮ್ಮ. ಮಾತಾಡ್ಬೇಡಿ, ಕತ್ತಿನ ಹತ್ರ ಬಂದಿದೀನಿ, ಅನ್ನುತ್ತಾನೆ ಅಣ್ಣ. ಕತ್ತಿನ ಹತ್ತಿರ. ಅವಳ ಬಾಯಿ ತೆರೆದಿದೆ, ಮಾತು ನಾಲಿಗೆಯ ಮೇಲಿದೆ, ಕತ್ತಿ ಕೆಳಗಿಡು ಅಂದರೆ ಸಾಕು, ಆದರೆ ಡಾಕ್ಟರು ಏನಂದಿದ್ದರು, ಗಾಬರಿಯಾದ್ರೆ, ದುಃಖವಾದ್ರೆ ನಡುಕ ಒಮ್ಮೆಗೇ ಏರುತ್ತೆ, ಮಾತು ಅವರ ಕಿವಿಗೆ ಬೀಳೋ ಮುಂಚೆ ಕೈಗೆ ಬಿದ್ದಿರುತ್ತೆ, ಅಂದಿದ್ದರು, ಹೇಳಿದರೆ ಈಗಲೇ, ಈ ಕ್ಷಣವೇ, ಕತ್ತಿ ಅಲ್ಲಿರುವಾಗಲೇ, ಹೇಳದಿದ್ದರೂ ಕತ್ತಿ ಅಲ್ಲಿಯೇ ಇದೆ, ಕೈ ಅದೇ ಕೈ, ಸೆಕೆಂಡಿಗೆ ಐದು ಸಲ, ಏನು ಪುಟ್ಟಿ ಸುಮ್ಮನಾದೆ, ಅನ್ನುತ್ತಾನೆ, ಸುಮ್ನೆ ಮಾಡ್ದೆ ಅಣ್ಣ, ಅನ್ನುತ್ತಾಳೆ, ಕೆಲಸ ಮುಗಿಸು ಆಮೇಲೆ ಮಾತಾಡೋಣ, ನಿಧಾನ ಮಾಡು, ಅವಸರ ಏನಿಲ್ಲ. ಹೀಗೆ ಅಂದವಳು ಯಾರು, ಅವಳೇ. ಸರ್ರ್, ಅನ್ನುತ್ತದೆ ಕತ್ತಿ, ಒಣ ಎಲೆಯ ಮೇಲೆ ಬೆರಳೆಳೆದಂತೆ. ಒರೆಸುವ ಸದ್ದು. ಸರ್ರ್. ಗೋಡೆಯ ಸುಣ್ಣ ಹಣೆಗೆ ತಣ್ಣಗೆ ಅಂಟಿದೆ, ಇನ್ನೊಂದೇ ಎಳೆತ ಇರಬಹುದು, ಗಂಟಲಮಣಿಯ ಕೆಳಗಿನದು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದ, ಸರ್ರ್, ನಿಂತಿತು.

ನಡುವೆಯೇ ನಿಂತಿತು. ಅತ್ತಿಗೆ ಒಮ್ಮೆ ಉಸಿರೆಳೆದುಕೊಂಡದ್ದು ಕೇಳಿಸಿತು. ಏನಿಲ್ಲ ಏನಿಲ್ಲ, ಅನ್ನುತ್ತಾರೆ ಕೀಲಿ ಮಾಡುವವರು, ಸೊಳ್ಳೆ ಕಚ್ಚಿದ ಹಾಗಾಯ್ತು ಅಷ್ಟೆ, ಕೀಲಿ ಕೊರೆಯುವಾಗ ನಾನು ಇದಕ್ಕಿಂತ ದೊಡ್ಡದು ಕುಯ್ಕೊಂಡಿದೀನಿ, ಮುಂದುವರಿಸು ಮಾರಾಯ. ಪಾಲುದಾರ ಹತ್ತಿ ಅನ್ನುತ್ತಾನೆ, ಇನ್ನೊಬ್ಬರು ಪಟಿಕ ಎಲ್ಲಿ ಅನ್ನುತ್ತಾರೆ, ಕುರ್ಚಿ ಸರಿಯುತ್ತದೆ, ಚಪ್ಪಲಿಗಳ ಸದ್ದು, ಹೊರಗೆ ಹೋಗುವವರ ಚಪ್ಪಲಿಗಳು, ನೋಡಬಾರದ್ದನ್ನು ನೋಡಿದಂತೆ ಒಬ್ಬೊಬ್ಬರಾಗಿ. ಅಣ್ಣನ ದನಿ ಎಲ್ಲಿ, ಅಣ್ಣನ ದನಿಯೊಂದೇ ಇಲ್ಲ. ಅಣ್ಣ, ಅನ್ನುತ್ತಾಳೆ. ಅಣ್ಣ ಕೇಳಿಸ್ತಿದೆಯಾ. ಕತ್ತಿಯನ್ನು ಕಲ್ಲಿನ ಮೇಲಿಟ್ಟ ಸದ್ದು, ಇಡುವಾಗ ಅದು ಟಕಟಕಟಕ ಬಡಿದುಕೊಳ್ಳುತ್ತದೆ, ಮತ್ತು ಫೋನನ್ನು ಕೈಗೆತ್ತಿಕೊಂಡ ಸದ್ದು, ಅಂಗಿಗೆ ಉಜ್ಜಿದ ಸದ್ದು, ನೊರೆ ಒರೆಸಿರಬೇಕು, ಅಷ್ಟು ಹತ್ತಿರದಲ್ಲಿ ಅಣ್ಣನ ಉಸಿರು. ಪುಟ್ಟಿ, ಅನ್ನುತ್ತಾನೆ, ಒಂದು ನಿಮಿಷ ಇರು, ಆಪ್ ನೋಡ್ತೀನಿ. ಬೇಡ ಅಣ್ಣ. ಇರು, ಕೈ ಚಾಚಿದೀನಿ.

ಅವಳಿಗೆ ಕಾಣುತ್ತಿದೆ, ಕಾಣದೆಯೂ ಕಾಣುತ್ತಿದೆ, ಕನ್ನಡಿಯ ಮುಂದೆ ಚಾಚಿದ ಕೈ, ಅಂಗೈ ಮೇಲೆ ಫೋನು, ಕೈಯೊಂದಿಗೆ ಫೋನೂ ನಡುಗುತ್ತಿದೆ, ಫೋನು ಆಗೊಮ್ಮೆ ಈಗೊಮ್ಮೆ ಕಣ್ಣು ಬಿಟ್ಟು ನೋಡುತ್ತಿದೆ, ಮುಚ್ಚುತ್ತಿದೆ, ನೋಡಿದಾಗಲೆಲ್ಲ ಕೈ ಅದೇ ಜಾಗದಲ್ಲಿ ಸಿಗುತ್ತಿದೆ, ಅವಳ ಕಿವಿಯ ಹತ್ತಿರ ಅವಳದೇ ಫೋನು ಗುಣ್ಣೆಂದಿತು, ನಂಬರು ಅವಳಿಗೂ ಬಂತು. ಹದಿನಾಲ್ಕು, ಅನ್ನುತ್ತಾನೆ ಅಣ್ಣ. ಇಷ್ಟು ಕಮ್ಮಿ ಇದುವರೆಗೆ ಬಂದೇ ಇರಲಿಲ್ಲ, ಅನ್ನುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಅಳುವಿಲ್ಲ, ಗೊತ್ತಿರುವವರನ್ನು ದಾರಿ ಕೇಳುವ ದನಿ. ಕೈ ಸರಿಯಾಗೇ ಇದೆ ಅಂತಿದೆಯಲ್ಲ ಪುಟ್ಟಿ, ಮತ್ತೆ ಇದು ಹೇಗಾಯ್ತು, ನೀನೇ ಹೇಳು. ಹೇಳಬೇಕು, ಈಗ ಹೇಳಬಹುದು, ಈಗ ಕತ್ತಿ ಕೈಯಲ್ಲಿಲ್ಲ, ಅಣ್ಣ ಅದು ಫೋನಿನ ಎಲೆ, ಅದು ಐದೇ ಸಲ ನೋಡುತ್ತದೆ, ಅದು — ಕಲ್ಲಿನ ಮೇಲೆ ನಲ್ಲಿಯ ನೀರು ಬೀಳುತ್ತಿದೆ, ಕೀಲಿ ಮಾಡುವವರು ಇನ್ನೂ ಕತ್ತು ವಾಲಿಸಿಕೊಂಡೇ ಕೂತಿರಬೇಕು, ಮುಗಿಯದೆ ಉಳಿದ ಗಡ್ಡ, ಬಿಳಿ ನೊರೆ, ನೊರೆಯೊಳಗಿನಿಂದ ಒಂದು ಕೆಂಪು ಚುಕ್ಕೆ, ಅದು ನೊರೆಯನ್ನು ಕುಡಿಯುತ್ತ ಅಗಲವಾಗುತ್ತಿದೆ, ಪುಟ್ಟಿ, ಅನ್ನುತ್ತಾನೆ ಅಣ್ಣ, ಬಿಳಿ ನೊರೆ, ಕೆಂಪು ಚುಕ್ಕೆ, ಹೇಳು ಪುಟ್ಟಿ, ಬಿಳಿ ನೊರೆಯ ಮೇಲೆ ಕೆಂಪು ಚುಕ್ಕೆ, ಕೆಂಪು ಚುಕ್ಕೆ